ಬಿಸಿನೀರಿಗೆ ಇಟ್ಟರೆ ನಿಲ್ಲುವ ವಾಷಿಂಗ್ ಮಷೀನ್: ಮೂರು ದಿನದ ರಿಪೇರಿ

ಮೊದಲ ದಿನ

60 ಡಿಗ್ರಿಗೆ ಇಟ್ಟರೆ ಮಷೀನ್ ನಡುವೆ ನಿಂತು ಟೆಂಪರೇಚರ್ ಸೆನ್ಸರ್ ಎರರ್ ತೋರಿಸುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಓಡುತ್ತದೆ. ಎರಡು ಸಲವೂ ಡ್ರಮ್ ತಿರುಗುವಾಗಲೇ ನಿಂತಿದ್ದು. ಇದನ್ನು ಬರೆದಿಟ್ಟುಕೊಂಡೆ.

ಹೊಸ ಸೆನ್ಸರ್ ತಂದು ಹಾಕಿಬಿಡೋಣ ಅನ್ನಿಸಿತು. ಆದರೆ ಮಷೀನ್ ನಡೆಸುವ ಸರ್ಕ್ಯೂಟ್ ಬೋರ್ಡಿಗೆ ಸೆನ್ಸರ್ ಕಾಣುವುದಿಲ್ಲ, ಎರಡು ವೈರಿನ ತುದಿಯಲ್ಲಿರುವ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ) ಮಾತ್ರ ಕಾಣುತ್ತದೆ. ಮಧ್ಯದಲ್ಲಿ ಎಲ್ಲಿ ಕಡಿದರೂ ಅದೇ ಎರರ್ ಬರುತ್ತೆ, ಅಲ್ವಾ? ಹಾಗಾಗಿ ಮೊದಲು ಅಳೆದು ನೋಡುವುದೇ ಸರಿ.

ಎರಡನೇ ದಿನ

ಪ್ಲಗ್ ಕಿತ್ತೆ, ನೀರು ಖಾಲಿ ಮಾಡಿದೆ, ಹಿಂದಿನ ಮುಚ್ಚಳ ಬಿಚ್ಚಿದೆ. ಟಬ್ಬಿನ ಕೆಳಗೆ ಹೀಟರ್ ಪಕ್ಕದಲ್ಲೇ ಸೆನ್ಸರ್ ಇದೆ. ಕನೆಕ್ಟರ್ ತೆಗೆದು ಅದರ ಕಾಲುಗಳಿಗೆ ಮಲ್ಟಿಮೀಟರ್ ಹಿಡಿದರೆ 10.2 ಕಿಲೋ ಓಮ್. ಹೊರಗೆ ತೆಗೆದು ಬಿಸಿನೀರಿನ ಲೋಟದಲ್ಲಿ ಅದ್ದಿದೆ. ಅಂಕಿ ನಿಧಾನವಾಗಿ ಇಳಿಯುತ್ತಾ ಬಂತು: ಎಂಟು, ಆರು, ನಾಲ್ಕು. ಥರ್ಮಾಮೀಟರ್ 60 ತೋರಿಸಿದಾಗ ಸುಮಾರು 2.5. ಇದು ಎನ್‌ಟಿಸಿ ಜಾತಿಯದು, ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯಲೇಬೇಕು. ಎಲ್ಲೂ ನೆಗೆಯದೆ ಇಳಿಯಿತು. ಸೆನ್ಸರ್ ಚೆನ್ನಾಗಿದೆ. (ಎಲ್ಲ ಮಷೀನಲ್ಲೂ ಇದೇ ಅಂಕಿ ಇರುವುದಿಲ್ಲ. ನಿಮ್ಮ ಮಾಡೆಲ್ಲಿನ ಸರ್ವಿಸ್ ಶೀಟ್ ನೋಡಿಕೊಳ್ಳಿ.)

ಮೂರನೇ ದಿನ

ಸೆನ್ಸರನ್ನು ವಾಪಸ್ ಕೂರಿಸಿ, ಬೋರ್ಡ್ ಕಡೆಯ ಕನೆಕ್ಟರ್ ಕಳಚಿ ಅಲ್ಲಿಂದ ಅಳೆದೆ. ಮತ್ತೆ 10.2. ಒಂದು ಕ್ಷಣ ಬೇಜಾರಾಯಿತು. ಆಮೇಲೆ ಮೊದಲ ದಿನ ಬರೆದಿದ್ದು ನೆನಪಾಯಿತು. ಮೀಟರ್ ಹಾಗೇ ಇಟ್ಟು ಟಬ್ಬನ್ನು ಕೈಯಿಂದ ತಳ್ಳಿದೆ. 10.2 ಹೋಗಿ 'ಓಎಲ್' ಬಂತು, ಅಂದರೆ ಅಳತೆ ಮೀರಿದೆ, ವೈರ್ ಎಲ್ಲೋ ಕಡಿದಿದೆ. ಬಿಟ್ಟರೆ ಮತ್ತೆ 10.2. ಆ ಖುಷಿ ಹೇಳತೀರದು!

ವೈರಿನ ಉದ್ದಕ್ಕೂ ಬೆರಳಲ್ಲಿ ಒತ್ತುತ್ತಾ ಹೋದೆ. ಟಬ್ಬಿನಿಂದ ಮಷೀನ್ ಬಾಡಿಯ ಕಡೆಗೆ ದಾಟುವಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ಒಂದು ಜಾಗ ದಾರದಂತೆ ಮೆತ್ತಗಿತ್ತು. ಮೇಲಿನ ಪ್ಲಾಸ್ಟಿಕ್ಕಿಗೆ ಏನೂ ಆಗಿಲ್ಲ. ಸುಲಿದು ನೋಡಿದರೆ ಒಳಗಿನ ಎಳೆಗಳೆಲ್ಲ ಕಡಿದು, ತಾಮ್ರ ಹಸಿರಾಗಿತ್ತು. ಟಬ್ ಅಲುಗಿದಾಗಲೆಲ್ಲ ವೈರ್ ಅಲ್ಲೇ ಮಡಚಿಕೊಳ್ಳುತ್ತಿತ್ತು.

ಹಾಳಾದ ತುಂಡು ಕತ್ತರಿಸಿ, ಸ್ವಲ್ಪ ಉದ್ದದ ಹೊಸ ವೈರ್ ಸೇರಿಸಿ ಸೋಲ್ಡರ್ ಮಾಡಿದೆ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿದೆ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಆ ಅದುರಾಟಕ್ಕೆ ಜಾಸ್ತಿ ದಿನ ನಿಲ್ಲುವುದಿಲ್ಲ. ಬೆಸುಗೆಯ ಜಾಗ ಮಡಚದಂತೆ ಬಾಡಿ ಕಡೆಗೆ ಸರಿಸಿ ಕಟ್ಟಿದೆ, ಟಬ್ ಆಡಲು ವೈರನ್ನು ಸಡಿಲ ಬಿಟ್ಟೆ.

ಮುಚ್ಚಳ ಹಾಕಿ 60 ಡಿಗ್ರಿಗೆ ಇಟ್ಟೆ. ಬಾಗಿಲಿನ ಗಾಜು ಬೆಚ್ಚಗಾಯಿತು, ಸ್ಪಿನ್ ಕೂಡ ಪೂರ್ತಿ ಮುಗಿಯಿತು. ನಾಳೆ ಬೆಡ್‌ಶೀಟ್ ತುಂಬಿ ನೋಡಬೇಕು, ಟಬ್ ಹೆಚ್ಚು ಅಲುಗುವುದು ಆಗಲೇ.