ಮೇಲುಕೋಟೆಯ ಕೊಳಗಳ ಬೆನ್ನು ಹತ್ತಿ

ಮೇಲುಕೋಟೆಗೆ ಹೋಗುವವರು ಸಾಮಾನ್ಯವಾಗಿ ಬೆಳಿಗ್ಗೆ ಹೋಗಿ, ಚೆಲುವನಾರಾಯಣನ ದರ್ಶನ ಮಾಡಿ, ಬೆಟ್ಟ ಹತ್ತಿ ಯೋಗಾನರಸಿಂಹನಿಗೆ ಕೈ ಮುಗಿದು, ಪುಳಿಯೋಗರೆ ತಿಂದು ಸಂಜೆಯೊಳಗೆ ಮನೆ ಸೇರುತ್ತಾರೆ. ನಾವೂ ಇಷ್ಟು ವರ್ಷ ಹಾಗೇ ಮಾಡಿದವರು. ಈ ಸಲ ಶನಿವಾರ ರಾತ್ರಿ ಅಲ್ಲೇ ಉಳಿಯೋಣ ಅಂತ ಅಮ್ಮ ಹಟ ಹಿಡಿದರು. ಒಳ್ಳೇದೇ ಆಯ್ತು.

ಜಕ್ಕನಹಳ್ಳಿ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಕಬ್ಬು, ತೆಂಗು ಮುಗಿದು ಬಂಡೆ, ಕುರುಚಲು ಗಿಡ ಶುರುವಾಗುತ್ತವೆ. ಊರು ಸೇರುವಾಗ ಮಧ್ಯಾಹ್ನ ಆಗಿತ್ತು. ದೇವಸ್ಥಾನದ ಬಾಗಿಲು ಹಾಕಿದ್ದರು, ಸಂಜೆಯವರೆಗೆ ತೆಗೆಯುವುದಿಲ್ಲ. ಸರಿ, ಸುಮ್ನೆ ಬೀದಿ ಸುತ್ತೋಣ ಅಂತ ಹೊರಟೆವು. ಹೆಂಚಿನ ಮನೆಗಳು, ಮರದ ಕಂಬದ ಜಗಲಿಗಳು, ಎಷ್ಟೋ ಬಾಗಿಲಿಗೆ ಬೀಗ. ಕವಿ ಪು.ತಿ. ನರಸಿಂಹಾಚಾರ್ ಅವರು 1905ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಅವರ ಮನೆಯನ್ನು ಈಗ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಬೀದಿಯಲ್ಲಿ ಜನಕ್ಕಿಂತ ಕೋತಿಗಳೇ ಜಾಸ್ತಿ. ಭಾವನ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಹೋಗಿದ್ದು ಹೇಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಸುತ್ತುತ್ತಾ ಅಕ್ಕ-ತಂಗಿ ಕೊಳದ ಹತ್ತಿರ ಬಂದೆವು. ಅಕ್ಕಪಕ್ಕದಲ್ಲೇ ಎರಡು ಕೊಳ. ಒಂದರ ನೀರು ಕುಡಿಯಲು, ಇನ್ನೊಂದರದು ಬೇರೆ ಬಳಕೆಗೆ. ಅಕ್ಕ ತಂಗಿಯರು ಕಟ್ಟಿಸಿದ್ದು ಅನ್ನುವ ಕಥೆ ನಿಮಗೂ ಗೊತ್ತಿರಬಹುದು, ಹೇಳುವವರಿಗೆ ತಕ್ಕಂತೆ ಬದಲಾಗುತ್ತದೆ, ಅದಿರಲಿ. ಒಬ್ಬರು ಹೆಂಗಸು ಬಿಂದಿಗೆ ಹಿಡಿದು ಮೆಟ್ಟಿಲಿಳಿದು ಬಂದರು. ಬಿಂದಿಗೆಯ ತಳದಿಂದ ಮೇಲೆ ತೇಲುತ್ತಿದ್ದ ಎಲೆ, ಕಸವನ್ನೆಲ್ಲ ನಿಧಾನವಾಗಿ ಅತ್ತ ತಳ್ಳಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಓರೆ ಮಾಡಿ ಮುಳುಗಿಸಿದರು. ಗಳಗಳ ಅಂತ ತುಂಬಿತು. ಮನೆಗೆ ನಲ್ಲಿ ಬರಲ್ವಾ ಅಂತ ಅಮ್ಮ ಕೇಳಿದರು.

"ಬತ್ತದೆ. ಆದ್ರೆ ಬೋರ್ ನೀರಲ್ಲಿ ಬೇಳೆ ಬೇಯಾಕಿಲ್ಲ ಕನವ್ವ. ಇದ್ರಲ್ಲಿ ಹಾಕಿ ನೋಡಿ, ಬೆಣ್ಣೆ ಆಯ್ತದೆ."

ಯೋಚಿಸಿದರೆ ಸರಿಯೇ ಅಲ್ವಾ? ಬೋರ್ ನೀರು ಗಡಸು, ಅದರಲ್ಲಿ ಸುಣ್ಣದ ಅಂಶ ಇರುತ್ತದೆ. ಅದಕ್ಕೇ ಬೇಳೆ ಗಟ್ಟಿಯಾಗೇ ಉಳಿಯುತ್ತದೆ. ಕೊಳದಲ್ಲಿ ನಿಲ್ಲುವುದು ಮಳೆ ನೀರು. ಆಮೇಲಿಂದ ನನ್ನ ಕಣ್ಣಿಗೆ ಬರೀ ಕೊಳಗಳೇ ಬೀಳತೊಡಗಿದವು. ಹತ್ತಿರದಲ್ಲಿ ಹೊಳೆ ಇಲ್ಲ, ಬರೀ ಬಂಡೆಯ ಬೆಟ್ಟ, ಅದರ ಮೇಲೊಂದು ಊರು. ಹನ್ನೆರಡನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿ ಸುಮಾರು 12 ವರ್ಷ ಇದ್ದರು ಅನ್ನುತ್ತಾರೆ. ಅವರ ಜೊತೆಗಿದ್ದವರು, ಬಂದು ಹೋಗುವವರು, ದೇವರ ಅಭಿಷೇಕ, ಅಡುಗೆ, ಇಷ್ಟಕ್ಕೂ ನೀರು ಎಲ್ಲಿಂದ ಬರಬೇಕು? ಬಂಡೆ ಮಳೆ ನೀರನ್ನು ಕುಡಿಯುವುದಿಲ್ಲ, ಕೆಳಕ್ಕೆ ಹರಿಸುತ್ತದೆ. ಹರಿಯುವ ದಾರಿಯಲ್ಲಿ ತಡೆದು ನಿಲ್ಲಿಸಿದರೆ ಆಯ್ತು. ಇಲ್ಲಿ ನೂರೆಂಟು ಕೊಳ ಇದ್ದವಂತೆ ಅಂತ ಊರವರು ಹೇಳುತ್ತಾರೆ.

ಸಂಜೆ ದರ್ಶನ ಚೆನ್ನಾಗಾಯ್ತು. ಗದ್ದಲವಿಲ್ಲ, ನೂಕುನುಗ್ಗಲಿಲ್ಲ. ರಾಯಗೋಪುರಕ್ಕೂ ಹೋಗಿ ಬಂದೆವು. ಮೇಲಿನ ಗೋಪುರವೇ ಇಲ್ಲದೆ ಅರ್ಧಕ್ಕೆ ನಿಂತ ಆ ಎತ್ತರದ ಕಂಬಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರದೇ ಸಾಲು.

ಭಾನುವಾರ ಬಿಸಿಲೇರುವ ಮೊದಲೇ ನರಸಿಂಹನ ಬೆಟ್ಟ ಹತ್ತಿದೆವು. ಅಮ್ಮ ಮಂಡಿ ನೋವು ಅನ್ನುತ್ತಲೇ ನಮಗಿಂತ ಮೊದಲು ಮೇಲಿದ್ದರು. ಅಲ್ಲಿಂದ ನೋಡಿದರೆ ಕೆಳಗೆ ದೊಡ್ಡ ಕಲ್ಯಾಣಿ ಪೂರ್ತಿ ಕಾಣುತ್ತದೆ, ಸುತ್ತ ಮೆಟ್ಟಿಲು, ಅಂಚಿಗೆ ಕಲ್ಲಿನ ಮಂಟಪಗಳು. ಆಚೆಗೆ ಅಲ್ಲೊಂದು ಇಲ್ಲೊಂದು ಹಸಿರು ಚೌಕ. ಭಾವ ಕೊಳಗಳನ್ನು ಎಣಿಸಲು ಕೂತರು, ಪ್ರತಿ ಸಲವೂ ಬೇರೆ ಲೆಕ್ಕ ಬಂತು. ಯಾಕೆ ಅಂತ ಇಳಿದ ಮೇಲೆ ಗೊತ್ತಾಯಿತು. ಕೆಲವು ಕೊಳ ಪಾಚಿ ಕಟ್ಟಿ ಹುಲ್ಲು ಯಾವುದು ನೀರು ಯಾವುದು ತಿಳಿಯದ ಹಾಗಿವೆ. ಒಂದರಲ್ಲಂತೂ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಹಳೇ ಹೂವಿನ ಹಾರ. ನೀರು ಹಿಡಿಯಲು ಅಷ್ಟು ಕಷ್ಟಪಟ್ಟು ಕಲ್ಲು ಕೂರಿಸಿದ್ದಾರೆ, ನಾವು ದುಡ್ಡು ಕೊಟ್ಟು ತಂದ ನೀರು ಕುಡಿದು ಬಾಟಲಿಯನ್ನು ಅದಕ್ಕೇ ಎಸೆದು ಬರುತ್ತೇವೆ. ಸಿಟ್ಟು ಬಂತು.

ಹೋಗುವುದಾದರೆ ಮಳೆಗಾಲ ಮುಗಿದ ಮೇಲೆ ಹೋಗಿ, ಕೊಳಗಳು ತುಂಬಿರುತ್ತವೆ. ಚೆಲುವನಾರಾಯಣನಿಗೆ ವಜ್ರದ ಕಿರೀಟ ತೊಡಿಸಿ ಮೆರವಣಿಗೆ ಮಾಡುವ ವೈರಮುಡಿ ಉತ್ಸವ ನೋಡಬೇಕು ಅಂದರೆ ಮಾರ್ಚ್-ಏಪ್ರಿಲ್. ಮಂಡ್ಯದ ಖಜಾನೆಯಲ್ಲಿರುವ ಕಿರೀಟವನ್ನು ಪೊಲೀಸ್ ಕಾವಲಿನಲ್ಲಿ ತರುತ್ತಾರೆ, ರಾತ್ರಿಯಿಡೀ ಜನ. ಆದರೆ ಆಗ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೊಳದ ಮಾತಂತೂ ಬಿಡಿ. ಅಮ್ಮನಿಗೆ ಅದೂ ಬೇಕಂತೆ, ರೂಮ್ ಈಗಲೇ ಹೇಳಿಡು ಅಂತ ಭಾವನ ಹಿಂದೆ ಬಿದ್ದಿದ್ದಾರೆ.