ಕೆಳಗಿನ ಡಿವಿಜನ್‌ಗೆ ಇಳಿದವರಿಗೆ

ಇಂಗ್ಲೆಂಡಿನ ರಗ್ಬಿ ಕ್ಲಬ್ ನಾರ್ತಾಂಪ್ಟನ್ ಸೇಂಟ್ಸ್ ಅಂದ್ರೆ ನನಗೆ ಪ್ರಾಣ. ನಮ್ಮ ಕಲಬುರಗಿಯಲ್ಲಿ ರಗ್ಬಿ ನೋಡುವವರು ಕಡಿಮೆ, ಇರಲಿ. 2007ರಲ್ಲಿ ಈ ಕ್ಲಬ್ ಮೇಲಿನ ಲೀಗ್‌ನಿಂದ ಕೆಳಗೆ ಬಿತ್ತು. 2003ರ ವಿಶ್ವಕಪ್ ಗೆದ್ದಿದ್ದ ಬೆನ್ ಕೋಹೆನ್ ಫ್ರಾನ್ಸಿನ ಕ್ಲಬ್‌ಗೆ ಹೋಗಿಬಿಟ್ಟರು. ಆಗಿನ್ನೂ ಚಿಕ್ಕ ಹುಡುಗ ಡೈಲನ್ ಹಾರ್ಟ್ಲಿ ಎಲ್ಲೂ ಹೋಗಲಿಲ್ಲ. ಮುಂದಿನ ಸೀಸನ್‌ನಲ್ಲಿ ಲೀಗ್‌ನ 30ಕ್ಕೆ 30 ಪಂದ್ಯ ಗೆದ್ದು ವಾಪಸ್ ಮೇಲೆ ಬಂದರು. ಹಾರ್ಟ್ಲಿ ಆಮೇಲೆ ಅದೇ ಕ್ಲಬ್‌ನ ಕ್ಯಾಪ್ಟನ್ ಆದರು.

2014ರ ಮೇಲಿನ ಲೀಗ್‌ನ ಫೈನಲ್ ಅಂತೂ ಎಷ್ಟು ಸಲ ನೋಡಿದರೂ ಮೈ ಜುಮ್ ಅನ್ನುತ್ತೆ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಸೇಂಟ್ಸ್‌ನ ಅಲೆಕ್ಸ್ ವಾಲರ್ ಗೆರೆಯ ಹತ್ತಿರ ಜನರ ರಾಶಿಯೊಳಗೆ ನುಗ್ಗಿ ಚೆಂಡು ನೆಲಕ್ಕೆ ಊರಿದರು. ರೆಫರಿಗೂ ಸರಿಯಾಗಿ ಕಾಣಲಿಲ್ಲ, ವಿಡಿಯೊ ನೋಡಿ ಟ್ರೈ (ಹಾಗೆ ಚೆಂಡು ಊರಿದ್ದಕ್ಕೆ ಸಿಗುವ ಅಂಕ) ಕೊಟ್ಟರು. 24–20. ಸಾರಸೆನ್ಸ್ ಸೋತರು, ಸೇಂಟ್ಸ್ ಮೊದಲ ಸಲ ಲೀಗ್ ಚಾಂಪಿಯನ್.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಅಕ್ಕನ ಮಗನ ಕ್ರಿಕೆಟ್ ಕ್ಲಬ್ ಈ ಸಲ ಕೆಳಗಿನ ಡಿವಿಜನ್‌ಗೆ ಇಳಿದಿದೆ. ಚೆನ್ನಾಗಿ ಆಡುವ ಇಬ್ಬರು ಆಗಲೇ ಬೇರೆ ಕಡೆ ಹೋದರು. ಅವರನ್ನು ಬೈಯಲ್ಲ, ಆಡುವ ವಯಸ್ಸು ಕಾಯಲ್ಲ. ಆದರೆ "ಮಾಮಾ, ನಾವು ಇಲ್ಲೇ ಆಡ್ತೀವಿ" ಅಂತ ಉಳಿದ ಹುಡುಗರನ್ನು ನೋಡಿದರೆ ಹೊಟ್ಟೆ ತುಂಬುತ್ತೆ. ಇಂಥವರನ್ನು ಇಟ್ಟುಕೊಂಡೇ ಅಲ್ವಾ ತಂಡ ಕಟ್ಟೋದು? ಬಿಸಿಲು ಏರೋದರೊಳಗೆ, ಬೆಳಿಗ್ಗೆ ಆರಕ್ಕೇ ಪ್ರಾಕ್ಟೀಸ್ ಶುರು ಮಾಡಿದ್ದಾರೆ. ಮ್ಯಾಟ್ ಅಂಚೆಲ್ಲ ಹರಿದಿದೆ, ಚೆಂಡು ಎಲ್ಲೆಲ್ಲೋ ಪುಟಿಯುತ್ತೆ. ಯಾರ ಹತ್ತಿರವಾದರೂ ಒಳ್ಳೆಯ ಹಳೆ ಮ್ಯಾಟ್ ಇದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.