ಹಾಬ್ ಛಲೋನೋ, ಇಂಡಕ್ಷನ್ ಛಲೋನೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೊಸ ಮನೆ ಕಟ್ಟಿಸುತ್ತಿರುವವರು, ಹಳೆಯ ಅಡುಗೆಮನೆಯನ್ನು ಒಡೆಸಿ ಮತ್ತೆ ಮಾಡಿಸುತ್ತಿರುವವರು, ಮಗಳ ಮದುವೆಗೆ ಸಾಮಾನು ಜೋಡಿಸುತ್ತಿರುವವರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಗ್ಯಾಸಿನ ಹಾಬ್ ಛಲೋನೋ, ಇಂಡಕ್ಷನ್ ಛಲೋನೋ?" ನಾನು ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುತ್ತೇನೆ, ನಾಲ್ಕು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದ್ದೇವೆ, ಎರಡೂ ಬಗೆಯ ಒಲೆಗಳು ನಮ್ಮಲ್ಲಿವೆ. ಇಷ್ಟು ಗೊತ್ತಾದರೆ ಸಾಕು, ಸ್ಟಾಫ್ ರೂಮಿನಲ್ಲಿ, ಸೂಪರ್ ಮಾರ್ಕೆಟ್ಟಿನ ಕಾಯಿಪಲ್ಲೆಯ ಸಾಲಿನಲ್ಲಿ, ಬೀಗರ ಮನೆಯ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಶರಣಬಸವೇಶ್ವರರ ತೇರು ಎಳೆಯುವ ದಿನ, ಉತ್ತುತ್ತಿ ತೂರುವ ಆ ಜನಜಂಗುಳಿಯ ನಡುವೆ, ಒಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿ ಇದನ್ನೇ ಕೇಳಿದರು. ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಉತ್ತರ ಮಾತ್ರ ಬೇಕಾದವರು ಇಷ್ಟು ಓದಿದರೆ ಸಾಕು. ದಿನಾಲೂ ಜೋಳದ ರೊಟ್ಟಿ ಮಾಡುವ ಮನೆಗೆ ಉರಿ ಬೇಕು, ಅಂದರೆ ಗ್ಯಾಸ್ ಬೇಕು. ಹಾಲು, ಚಹಾ, ಅನ್ನ, ಬೇಳೆಗೆ ಒಂದು ಬಿಡಿ ಇಂಡಕ್ಷನ್ ಒಲೆ ಜೊತೆಗಿರಲಿ. ಗ್ಯಾಸಿನ ಒಲೆ ಕಟ್ಟೆಯೊಳಗೆ ಕೂರಿಸುವ ಹಾಬ್ ಆಗಿರಬೇಕೋ, ಕಟ್ಟೆಯ ಮೇಲಿಡುವ ಸಾದಾ ಸ್ಟೋವ್ ಆಗಿರಬೇಕೋ ಎಂಬುದು ರೊಟ್ಟಿ ಬಡಿಯುವವರ ಎತ್ತರವನ್ನೂ ಮೊಣಕಾಲನ್ನೂ ಕೇಳಿ ತೀರ್ಮಾನಿಸಬೇಕಾದ ವಿಷಯ.

ಈ ಕೊನೆಯ ವಾಕ್ಯವನ್ನು ಹೇಳಿದಾಗಲೆಲ್ಲ ಕೇಳಿದವರ ಮುಖ ಬದಲಾಗುತ್ತದೆ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಅಡುಗೆ ಮಾಡುವವರಲ್ಲ. ಹೋದ ತಿಂಗಳು ಸಹೋದ್ಯೋಗಿಯೊಬ್ಬರು ಅಂಗಡಿಯಲ್ಲಿ ನಿಂತುಕೊಂಡೇ ಫೋನ್ ಮಾಡಿದ್ದರು. "ನಿಮ್ಮ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ?" ಎಂದು ನಾನು ಕೇಳಿದೆ. "ಅದಕ್ಕೂ ಇದಕ್ಕೂ ಏನ್ ಸಂಬಂಧರೀ ಮೇಡಮ್? ನೀವು ಸೈನ್ಸಿನವರು, ಯಾವ್ದು ಛಲೋ ಅದ ಒಂದ ಮಾತಿನಾಗ ಹೇಳ್ರಿ" ಎಂದರು. ಸೈನ್ಸಿನವಳಾಗಿರುವುದರಿಂದಲೇ ಒಂದೇ ಮಾತಿನಲ್ಲಿ ಹೇಳಲಾರೆ. ಒಲೆ ತಾನೊಂದೇ ಛಲೋ ಆಗುವ ವಸ್ತುವಲ್ಲ. ಅದರ ಮೇಲಿಡುವ ಪಾತ್ರೆ, ಪಾತ್ರೆಯೊಳಗಿನ ಅಡುಗೆ, ಮುಂದೆ ನಿಂತಿರುವ ಮನುಷ್ಯರು, ಇವೆಲ್ಲ ಸೇರಿದಾಗ ಅದು ಛಲೋ ಆಗುತ್ತದೆ ಅಥವಾ ಆಗುವುದಿಲ್ಲ.

ರೊಟ್ಟಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಂಗಡಿಯವರು ತೋರಿಸುವ ಯಾವ ಪುಸ್ತಿಕೆಯಲ್ಲಿಯೂ ಅದು ಇರುವುದಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಅದರ ಪಿಷ್ಟ ಬೆಂದು ಜಿಗುಟಾಗುತ್ತದೆ, ಆ ಜಿಗುಟಿನ ಬಲದಿಂದಲೇ ರೊಟ್ಟಿ ಹರಿಯದೆ ಅಗಲವಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಆ ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಉರಿಗೆ ಹಿಡಿದರೆ ಒಳಗಿನ ತೇವ ಹಬೆಯಾಗಿ ರೊಟ್ಟಿ ಉಬ್ಬುತ್ತದೆ. ಇದಕ್ಕೆ ಎರಡು ಸಂಗತಿ ಬೇಕು: ಹಂಚು ನಡುವಿನಿಂದ ಅಂಚಿನವರೆಗೂ ಕಾದಿರಬೇಕು, ಕೊನೆಯ ಅರೆನಿಮಿಷಕ್ಕೆ ನೇರ ಉರಿ ಇರಬೇಕು. ಹಿಂದೆ ಕಟ್ಟಿಗೆಯ ಒಲೆಯಿದ್ದಾಗ ರೊಟ್ಟಿಯನ್ನು ಕೆಂಡದ ಮುಂದೆ ಒರಗಿಸಿ ನಿಲ್ಲಿಸುತ್ತಿದ್ದರು. ಈಗ ಗ್ಯಾಸಿನ ಉರಿ ಆ ಕೆಲಸ ಮಾಡುತ್ತದೆ.

ಇಂಡಕ್ಷನ್ ಒಲೆಯಲ್ಲಿ ಉರಿಯೂ ಇಲ್ಲ, ಕೆಂಡವೂ ಇಲ್ಲ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ತು ಅದರಲ್ಲಿ ಹರಿದಾಗ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ, ಆ ಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಹೀಗೆ ಕಾಯುವುದು ಪಾತ್ರೆಯ ತಳವೇ ಹೊರತು ಒಲೆಯಲ್ಲ. ಆದ್ದರಿಂದ ತಳ ಆಯಸ್ಕಾಂತಕ್ಕೆ ಅಂಟುವ ಲೋಹದ್ದಾಗಿರಬೇಕು ಮತ್ತು ಸಮತಟ್ಟಾಗಿರಬೇಕು. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳು ನಡೆಯುವುದಿಲ್ಲ. ಸ್ಟೀಲಿನಲ್ಲಿಯೂ ಎಲ್ಲವೂ ಅಂಟುವುದಿಲ್ಲ, ಆಯಸ್ಕಾಂತ ಹಿಡಿದು ನೋಡಿಯೇ ಕೊಳ್ಳಬೇಕು. ಈಗ ನಮ್ಮ ಹಂಚನ್ನು ನೆನಪಿಸಿಕೊಳ್ಳಿ. ಅದು ಕಬ್ಬಿಣದ್ದೇ, ಆದರೆ ನಡುವೆ ತಗ್ಗಾಗಿರುತ್ತದೆ. ಗಾಜಿಗೆ ತಾಗುವುದು ಹೊಟ್ಟೆಯ ಭಾಗ ಮಾತ್ರ, ಅಂಚು ಮೇಲೆದ್ದಿರುತ್ತದೆ, ಸುರುಳಿಯಿಂದ ದೂರವಾದಂತೆ ಕಾಂತಕ್ಷೇತ್ರ ಬೇಗನೆ ಕುಗ್ಗುತ್ತದೆ. ಚಪ್ಪಟೆಯಾದ ತವೆ ತಂದಿಟ್ಟರೂ ಮನೆಬಳಕೆಯ ಬಿಡಿ ಒಲೆಗಳಲ್ಲಿ ಸುರುಳಿಯ ಅಗಲ ಸಾಮಾನ್ಯವಾಗಿ ಒಂದು ಗೇಣಿಗೂ ಕಡಿಮೆ, ನಮ್ಮ ರೊಟ್ಟಿ ಅದಕ್ಕಿಂತ ಅಗಲ. ನಡುವೆ ಕಪ್ಪು ಕಲೆ ಬೀಳುತ್ತದೆ, ಅಂಚು ಹಸಿಯಾಗಿಯೇ ಉಳಿಯುತ್ತದೆ. ಇನ್ನು ಗಾಜು ಮಿತಿಮೀರಿ ಬಿಸಿಯಾಗದಂತೆ ನೋಡಿಕೊಳ್ಳುವ ಸಂವೇದಕವೊಂದು ಕೆಳಗಿರುತ್ತದೆ. ನೀರಿಲ್ಲದ ಒಣ ಹಂಚು ಕಾದಾಗ ಅದು ವಿದ್ಯುತ್ತನ್ನು ತಡೆಯುತ್ತದೆ, ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಹಂಚು ತಣ್ಣಗಾಗುತ್ತದೆ. ಇದು ಯಂತ್ರದ ದೋಷವಲ್ಲ. ಆ ಯಂತ್ರವನ್ನು ರೂಪಿಸಿದವರು ಜೋಳದ ರೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ, ಅಷ್ಟೇ.

ಹಾಗೆಂದು ಇಂಡಕ್ಷನ್ ಒಲೆಯನ್ನು ಹಳಿಯುವವರ ಜೊತೆಗೂ ನಾನಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಗ್ಯಾಸಿನ ಮುಂದೆ ನಿಂತವರು ಉರಿ ಅಲುಗಾಡುತ್ತದೆಂದು ಫ್ಯಾನ್ ಆರಿಸಬೇಕಾಗುತ್ತದೆ. ಇಂಡಕ್ಷನ್ ಮುಂದೆ ಫ್ಯಾನ್ ತಿರುಗುತ್ತಲೇ ಇರಬಹುದು. ಇದೊಂದೇ ಕಾರಣಕ್ಕೆ ಬೇಸಿಗೆಯ ಮೂರು ತಿಂಗಳು ನಮ್ಮ ಮನೆಯ ಅನ್ನ, ಬೇಳೆ, ಚಹಾ ಎಲ್ಲವೂ ಅದರ ಮೇಲೆಯೇ ಆಗುತ್ತವೆ. ಗ್ಯಾಸಿನ ಒಲೆಗಳಿಗೆ ನಮ್ಮ ದೇಶದ ಮಾನಕವು ಕೇಳುವ ಕನಿಷ್ಠ ಉಷ್ಣದಕ್ಷತೆ ಶೇ. 68, ಅಂದರೆ ಮಾನಕ ಮುಟ್ಟಿದ ಒಲೆಯಲ್ಲಿಯೂ ಸುಮಾರು ಮೂರನೆಯ ಒಂದು ಭಾಗ ಕಾವು ಅಡುಗೆ ಮಾಡುವವರ ಮೈಗೂ ಗೋಡೆಗೂ ಹೋಗುತ್ತದೆ. ಇಂಡಕ್ಷನ್ನಿನಲ್ಲಿ ಸುಮಾರು ಶೇ. 85 ಪಾತ್ರೆಗೇ ತಲುಪುತ್ತದೆ.

ಖರ್ಚಿನ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 14.2 ಕಿಲೋದ ಒಂದು ಸಿಲಿಂಡರಿನಲ್ಲಿ ಇರುವ ಶಕ್ತಿಯನ್ನು ವಿದ್ಯುತ್ತಿನ ಅಳತೆಗೆ ತಂದರೆ ಸುಮಾರು 181 ಯೂನಿಟ್. ಅದರಲ್ಲಿ ಶೇ. 68 ಪಾತ್ರೆಗೆ ತಲುಪಿದರೆ 123 ಯೂನಿಟ್. ಅಷ್ಟೇ ಕೆಲಸವನ್ನು ಇಂಡಕ್ಷನ್ ಮಾಡಬೇಕಾದರೆ ಸುಮಾರು 145 ಯೂನಿಟ್ ಬೇಕು. ನಿಮ್ಮ ಸಿಲಿಂಡರಿನ ಬೆಲೆಯನ್ನು 145ರಿಂದ ಭಾಗಿಸಿ. ಬಂದ ಮೊತ್ತಕ್ಕಿಂತ ನಿಮ್ಮ ಯೂನಿಟ್ ದರ ಕಡಿಮೆಯಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚಿದ್ದರೆ ಗ್ಯಾಸ್ ಅಗ್ಗ. ಗೃಹಜ್ಯೋತಿ ಇರುವುದರಿಂದ ಕರೆಂಟು ಪುಕ್ಕಟೆ ಎಂದುಕೊಂಡವರು ಒಂದು ವಿಷಯ ಗಮನಿಸಬೇಕು. 2023ರಲ್ಲಿ ಬಂದ ಆ ಯೋಜನೆಯಲ್ಲಿ ಹಿಂದಿನ ಆರ್ಥಿಕ ವರ್ಷದ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಪ್ರತಿ ಮನೆಗೂ ಮಿತಿ ಹಾಕಿದ್ದರು, ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಅಡುಗೆಯನ್ನೆಲ್ಲ ಇಂಡಕ್ಷನ್ನಿಗೆ ಹಾಕಿದ ಮನೆ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹಾಗೆಯೇ, 2000 ವಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಾಕೆಟ್ಟಿಗೆ ದಯವಿಟ್ಟು ಸಿಕ್ಕಿಸಬೇಡಿ, 16 ಆಂಪಿಯರಿನದು ಬೇಕು.

ಇನ್ಫ್ರಾರೆಡ್ ಒಲೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಗಾಜಿನ ಕೆಳಗಿನ ತಂತಿ ಕೆಂಪಗೆ ಕಾದು ಯಾವ ಪಾತ್ರೆಯನ್ನಾದರೂ ಕಾಯಿಸುತ್ತದೆ, ಅದು ಅದರ ಗುಣ. ನಿಧಾನ ಹೆಚ್ಚು, ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ.

ಈಗ ಹಾಬ್. ಇಲ್ಲಿ ನನಗೆ ಹೇಳಲು ಬಹಳ ಇದೆ, ಏಕೆಂದರೆ ಇಲ್ಲಿ ನಾವೇ ತಪ್ಪಿದ್ದೇವೆ. ನಮ್ಮ ಹಳೆಯ ಅಡುಗೆಕಟ್ಟೆ ಶಹಾಬಾದದ ಫರ್ಸಿಯದು, ಅಂದರೆ ಹಾಸುಗಲ್ಲಿನದು. ಈ ಜಿಲ್ಲೆಯ ಮನೆಗಳ ನೆಲ, ಕಟ್ಟೆ, ಮೆಟ್ಟಿಲು ಎಲ್ಲವೂ ಆ ಕಲ್ಲಿನವೇ. ಅದು ಪದರು ಪದರಾಗಿ ಕೂತ ಸುಣ್ಣದ ಕಲ್ಲು, ಪದರು ಬಿಡಿಸಿದರೆ ಹಲಗೆಯಂತೆ ಏಳುತ್ತದೆ, ಆದ್ದರಿಂದಲೇ ಅಷ್ಟು ಸುಲಭವಾಗಿ ಫರ್ಸಿಯಾಗುತ್ತದೆ. ಹಾಬ್ ಕೂರಿಸಲು ಅದರ ನಡುವೆ ಚೌಕವಾಗಿ ಕೊರೆಯಬೇಕು. ಮೊದಲು ನಾಲ್ಕೂ ಮೂಲೆಗಳಲ್ಲಿ ದುಂಡಗೆ ತೂತು ಹಾಕಿ ಆಮೇಲೆ ಗೆರೆಗುಂಟ ಕತ್ತರಿಸಿದರೆ ಒತ್ತಡ ಹಂಚಿಹೋಗುತ್ತದೆ. ನೇರ ಮೂಲೆಯಾದರೆ ಎಲ್ಲ ಒತ್ತಡವೂ ಅಲ್ಲಿಯೇ ಸೇರಿ ಕಲ್ಲು ಸೀಳುತ್ತದೆ. ಕೊರೆದವರು ನೇರ ಮೂಲೆ ತೆಗೆದರು, ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಮೂಲೆಯಿಂದ ಗೋಡೆಯವರೆಗೆ ಸೀಳಿತ್ತು. ಕೊನೆಗೆ ಗ್ರಾನೈಟ್ ಹಾಕಿಸಿ ಹಾಬ್ ಕೂರಿಸಿದೆವು. ಒಂದು ಕಂಪನಿಯ ಹಾಬಿನ ಅಳತೆ ಇನ್ನೊಂದಕ್ಕೆ ಕೂಡುವುದೇ ಅಪರೂಪ ಎಂಬುದನ್ನೂ ತಿಳಿದಿರಿ. ಹತ್ತು ವರ್ಷದ ನಂತರ ಬದಲಿಸುವಾಗ ಕಲ್ಲನ್ನು ಮತ್ತೆ ಕೊರೆಯಬೇಕಾದೀತು.

ಹಾಬಿನಲ್ಲಿ ಒಳ್ಳೆಯದಿಲ್ಲವೆಂದಲ್ಲ. ಸಾದಾ ಸ್ಟೋವ್ ಕಟ್ಟೆಯ ಮೇಲೆ ನಾಲ್ಕೈದು ಇಂಚು ಎತ್ತರ ಕೂರುತ್ತದೆ, ಅದರ ಮೇಲೆ ಹಂಚು. ಐದಡಿ ಎತ್ತರದ ಹೆಣ್ಣುಮಗಳು 34 ಇಂಚಿನ ಕಟ್ಟೆಯ ಮುಂದೆ ನಿಂತು ಇಪ್ಪತ್ತು ರೊಟ್ಟಿ ಮಗುಚುವಷ್ಟರಲ್ಲಿ ಭುಜ ಸೋಲುತ್ತದೆ. ಹಾಬ್ ಆ ಎತ್ತರವನ್ನು ತಗ್ಗಿಸುತ್ತದೆ. ಉರಿ ಆರಿದರೆ ತಾನಾಗಿಯೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ಉರಿಯ ಪಕ್ಕದ ಪುಟ್ಟ ಕಡ್ಡಿ ತಣ್ಣಗಾದೊಡನೆ ಅದು ಹುಟ್ಟಿಸುತ್ತಿದ್ದ ಅಲ್ಪ ವಿದ್ಯುತ್ತು ನಿಂತು ಕವಾಟ ಮುಚ್ಚಿಕೊಳ್ಳುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ಕೂರುತ್ತದೆ. ಹಾಬಿನ ಕೆಳಗೆ ಬಾಗಿಲು ಮುಚ್ಚಿದ ಕಪಾಟು ಇದ್ದರೆ ಅದು ಅಲ್ಲಿಯೇ ತುಂಬಿಕೊಳ್ಳುತ್ತದೆ. ಆದ್ದರಿಂದ ಬಾಗಿಲಿನ ತಳಭಾಗದಲ್ಲಿ ಗಾಳಿಗಂಡಿ ಇರಲೇಬೇಕು, ಚಂದ ಕಾಣುವುದಿಲ್ಲವೆಂದು ಬಡಗಿ ಹೇಳಿದರೂ ಬಿಡಬೇಡಿ.

ಇವೆಲ್ಲವನ್ನೂ ವಿಚಾರಿಸಿಯೇ ನಾವು ಕೊಂಡೆವು. ವಿಚಾರಿಸದೆ ಬಿಟ್ಟದ್ದು ಅವ್ವನನ್ನು. ಐವತ್ತು ವರ್ಷಗಳಿಂದ ಮಣೆಯ ಮೇಲೆ ಕುಳಿತು ರೊಟ್ಟಿ ಬಡಿದವಳು ಅವಳು. ಹಾಬ್ ಕೂರಿಸಿದ ವರ್ಷ ಎಳ್ಳ ಅಮಾವಾಸ್ಯೆಯ ಮುನ್ನಾದಿನ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದಳು. ಮರುದಿನ ಹೊಲಕ್ಕೆ ಬುತ್ತಿ ಹೋಗಬೇಕು: ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ದೊಡ್ಡ ಪಾತ್ರೆಯ ತುಂಬ ಭಜ್ಜಿ, ಅಂದರೆ ಕಾಳು, ಕಾಯಿಪಲ್ಲೆಗಳನ್ನು ಕೂಡಿಸಿ ಮಾಡುವ ಪಲ್ಯ. ಅವಳು ನೆಲದ ಮೇಲಿಟ್ಟುಕೊಳ್ಳುತ್ತಿದ್ದ ಹಳೆಯ ಸ್ಟೋವನ್ನು ಗುಜರಿಗೆ ಕೊಟ್ಟಿದ್ದೆವು. ಅವಳು ಹಾಬನ್ನು ನೋಡಿದಳು, ನೆಲವನ್ನು ನೋಡಿದಳು, "ಒಲಿ ಮ್ಯಾಲ ಹೋತು, ನಾ ಎಲ್ಲಿ ಕುಂದ್ರಲಿ?" ಎಂದಳು. ನಿಂತುಕೊಂಡೇ ಮಾಡಲು ಹೋದಳು. ಭಜ್ಜಿಯ ಪಾತ್ರೆಯನ್ನೂ ಹಂಚನ್ನೂ ಒಟ್ಟಿಗೆ ಇಟ್ಟರೆ ಒಂದರ ಅಂಚು ಇನ್ನೊಂದಕ್ಕೆ ತಾಗುತ್ತಿತ್ತು, ಬರ್ನರುಗಳ ನಡುವಿನ ಅಂತರವನ್ನು ನಾವು ಅಳೆದಿರಲಿಲ್ಲ. ಅಗಲವಾದ ತಳ ಬರ್ನರಿನಾಚೆ ಚಾಚಿಕೊಂಡರೆ ಕಾವು ಕೆಳಗೆ ತಿರುಗಿ ಹಾಬಿನ ಮೇಲ್ಮೈಯ ಗಾಜನ್ನು ಸುಡುತ್ತದೆ, ಗಾಜು ಒಡೆಯಲು ಇದೂ ಒಂದು ಕಾರಣ. ಹನ್ನೆರಡನೆಯ ರೊಟ್ಟಿಗೆ ಅವ್ವ ಕಟ್ಟೆ ಹಿಡಿದು ನಿಂತಳು, ಮೊಣಕಾಲು ತಡೆಯಲಿಲ್ಲ. ಆ ವರ್ಷದ ಉಳಿದ ರೊಟ್ಟಿಗಳನ್ನು ಖಾನಾವಳಿಯಿಂದ ತಂದೆವು.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಮನೆಯಲ್ಲಿ ಒಲೆಯ ಮುಂದೆ ಇರುವವರು ಕೂಡುತ್ತಾರೋ, ನಿಲ್ಲುತ್ತಾರೋ, ಅವರಿಗೆ ಎಷ್ಟು ಎತ್ತರದಲ್ಲಿ ಒಲೆ ಇರಬೇಕು? ಇದನ್ನು ಯಾರಾದರೂ ಕೇಳಿದರೆ ಅರ್ಧ ದಿನ ರಜೆ ಹಾಕಿ ಅವರ ಜೊತೆ ಅಂಗಡಿಗೆ ಹೋಗಲು ನಾನು ಸಿದ್ಧ. ಹಂಚನ್ನೂ, ಹಬ್ಬದ ದೊಡ್ಡ ಪಾತ್ರೆಯನ್ನೂ, ಅವುಗಳನ್ನು ಬಳಸುವವರನ್ನೂ ಕರೆದುಕೊಂಡು ಬರಬೇಕು. ಪಾತ್ರೆಗಳನ್ನು ಹಾಬಿನ ಮೇಲೆ ಇಟ್ಟು ನೋಡಬೇಕು, ಅವರನ್ನು ಅದರ ಮುಂದೆ ನಿಲ್ಲಿಸಿ ಮೊಣಕೈ ಎಲ್ಲಿ ಬರುತ್ತದೆ ಎಂದು ನೋಡಬೇಕು.

ಅವ್ವನಿಗೆ ಹಿಂದಿನಂತೆ ನೆಲದ ಮೇಲೆಯೇ ಸ್ಟೋವ್ ಇಟ್ಟುಕೊಡಲು ನನಗೆ ಧೈರ್ಯವಾಗಲಿಲ್ಲ, ಏಕೆಂದರೆ ಒಲೆ ಸಿಲಿಂಡರಿಗಿಂತ ಮೇಲಿರಬೇಕು ಎಂಬುದು ಸುರಕ್ಷತೆಯ ನಿಯಮ. ನಮ್ಮ ಮನೆಯ ಬುನಾದಿ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರದಲ್ಲಿದೆ. ಸಿಲಿಂಡರನ್ನು ಹಿತ್ತಲಿನ ನೆರಳಿಗೆ ಇಳಿಸಿ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ನಿಂದ ಗೋಡೆಯ ಮೂಲಕ ತಾಮ್ರದ ಕೊಳವೆ ಹಾಕಿಸಿ, ಹಿತ್ತಲ ಬಾಗಿಲಿನ ಪಕ್ಕದಲ್ಲಿ ಒಂದೂವರೆ ಅಡಿ ಎತ್ತರದ ಸಣ್ಣ ಕಟ್ಟೆ ಕಟ್ಟಿಸಿದೆವು. ಮೇಲೆ ಹಾಸಿದ್ದು ಸೀಳಿದ ಫರ್ಸಿಯಲ್ಲಿ ಉಳಿದಿದ್ದ ಗಟ್ಟಿ ತುಂಡು. ಅದರ ಮೇಲೆ ಒಂದು ಬರ್ನರಿನ ಸ್ಟೋವ್, ಮುಂದೆ ಅವಳಿಗೊಂದು ಗಿಡ್ಡ ಸ್ಟೂಲು. ಮೊದಲ ದಿನ ಅವ್ವ ಕುಳಿತು, ಕೈ ಚಾಚಿ ಹಂಚಿನ ಅಂಚು ಮುಟ್ಟಿ ನೋಡಿ, ಸ್ಟೂಲನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ, ಹಿಟ್ಟಿನ ಡಬ್ಬಿ ಕೊಡು ಎಂದಳು.